ಮಕ್ಕಳ ಜೊತೆ ಕಾಡಿಗೆ ಹೊರಟರೆ ಒಂದು ಬಳೆ ಇಟ್ಟುಕೊಳ್ಳಿ

ಚಿಕ್ಕ ಮಕ್ಕಳನ್ನು ಬೆಂಗಳೂರಿನ ತುರಹಳ್ಳಿ ಕಾಡಿಗೋ ಊರ ಪಕ್ಕದ ತೋಪಿಗೋ ಕರೆದುಕೊಂಡು ಹೋಗುವವರು ಜೇಬಿನಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ಬಳೆ ಇಟ್ಟುಕೊಳ್ಳಿ. ಮರದ ಬುಡದಲ್ಲಿ ಅದನ್ನು ನೆಲಕ್ಕಿಟ್ಟು, "ಇದರೊಳಗೆ ಏನೇನಿದೆ ನೋಡು ಪುಟ್ಟಾ" ಅಂತ ಹೇಳಿ ಸುಮ್ನೆ ಕೂತುಬಿಡಿ. ಇಡೀ ಕಾಡು ನೋಡು ಅಂದರೆ ಮಗುವಿಗೆ ಎಲ್ಲಿಂದ ಶುರು ಮಾಡಬೇಕೋ ತಿಳಿಯುವುದಿಲ್ಲ. ಅಂಗೈಯಗಲ ಜಾಗ ಕೊಟ್ಟರೆ ಕಣ್ಣು ಅಲ್ಲೇ ನಿಲ್ಲುತ್ತದೆ: ನರ ಮಾತ್ರ ಉಳಿದ ಎಲೆ, ಹೊಂಗೆ ಕಾಯಿ, ಮುಟ್ಟಿದರೆ ಸುರುಳಿ ಸುತ್ತುವ ಚೋರಟೆ. ಒಣ ಸಡಿಲ ಮಣ್ಣಾದರೆ ಆಲಿಕೆಯಂಥ ಪುಟ್ಟ ಗುಂಡಿಗಳೂ ಸಿಗುತ್ತವೆ. ಅದರ ತಳದಲ್ಲಿ ಒಂದು ಹುಳು ಅಡಗಿ, ಜಾರಿ ಬೀಳುವ ಇರುವೆಗಾಗಿ ಕಾಯುತ್ತಿರುತ್ತದೆ. ಇದೊಂದು ಸಿಕ್ಕರೆ ಮಕ್ಕಳು ಅಲ್ಲಿಂದ ಏಳುವುದೇ ಇಲ್ಲ! ಹೆಸರು ಹೇಳಿಕೊಡುವ ಅವಸರ ಬೇಡ. "ಇದು ಎಲ್ಲಿಂದ ಬಂತು?" ಅಂತ ಕೇಳಿ, ಉತ್ತರ ಎಷ್ಟೇ ತಮಾಷೆಯಾಗಿದ್ದರೂ ಕೇಳಿಸಿಕೊಳ್ಳಿ. ಬಂದ ತಕ್ಷಣ ಬಳೆ ಹಿಡಿದರೆ ಮಾತ್ರ ಇದು ನಡೆಯುವುದಿಲ್ಲ, ಮೊದಲು ಓಡಾಡಿ ಸುಸ್ತಾಗಲಿ. ಎರಡು ವರ್ಷದೊಳಗಿನವರಿಗೂ ಬೇಡ, ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ. ಕೆಂಪಿಗೆ ಕಪ್ಪು ಚುಕ್ಕೆಯ ಗುಲಗಂಜಿ ನೋಡಲು ಚೆಂದ, ಅಗಿದರೆ ವಿಷ. ದೊಡ್ಡ ಮಕ್ಕಳಿದ್ದರೂ ಅದನ್ನು ಎತ್ತಿಟ್ಟುಬಿಡಿ. ದಪ್ಪ ತರಗೆಲೆ ಇದ್ದ ಕಡೆ ಮೊದಲು ನೀವೇ ಕೋಲಿನಿಂದ ಕೆದಕಿ ನೋಡಿ, ಹಾವು, ಚೇಳು, ಜರಿ ಇರಬಹುದು. ಮಲೆನಾಡಿನವರು ಮಳೆಗಾಲದಲ್ಲಿ ಈ ಆಟ ಬಿಡುವುದೇ ವಾಸಿ. ರಕ್ತ ಹೀರುವ ಉಂಬಳ ಕೂರಲು ಬಿಡಬೇಕಲ್ಲ!