ಮಗಳ ಮೊಟ್ಟೆ ಅಲರ್ಜಿ: ಮಫಿನ್‌ನಿಂದ ಪ್ಯಾನ್‌ಕೇಕ್‌ವರೆಗೆ

"ಅಲರ್ಜಿ ಇರುವ ಮಗುವಿಗೆ ಅದನ್ನೇ ತಿನ್ನಿಸ್ತೀಯಾ?" ಎಂದು ಬೈದವರೇ ಈಗ ಹೇಗೆ ಮಾಡಿದೆ ಎಂದು ಕೇಳುತ್ತಿದ್ದಾರೆ. ಮಗಳು ಮೊಟ್ಟೆ ಹಾಕಿದ ಪ್ಯಾನ್‌ಕೇಕ್ ತಿನ್ನುತ್ತಿದ್ದಾಳೆ. ಮೈಮೇಲೆ ಒಂದು ದದ್ದೂ ಇಲ್ಲ.

ಚರ್ಮ ಚುಚ್ಚಿ ನೋಡುವ ಪ್ರಿಕ್ ಟೆಸ್ಟ್, ರಕ್ತದಲ್ಲಿ ಅಲರ್ಜಿಯ ಪ್ರತಿಕಾಯ ನೋಡುವ ಐಜಿಇ, ಎಲ್ಲ ಮಾಡಿಸಿದ್ದೆವು. ನಮ್ಮ ದುಡ್ಡು ಸುಮ್ನೆ ಹೋಗಿದ್ದು ಐಜಿಜಿ ಪ್ಯಾನೆಲ್‌ಗೆ, ಅಂದರೆ ಹತ್ತಾರು ಆಹಾರಗಳಿಗೆ ಐಜಿಜಿ ಎಂಬ ಬೇರೆ ಪ್ರತಿಕಾಯ ನೋಡುವ ರಕ್ತಪರೀಕ್ಷೆಗೆ. ಹೆಚ್ಚುಕಡಿಮೆ ಅರ್ಧ ತಿಂಗಳ ಸಂಬಳ. ಲ್ಯಾಬ್‌ನವರು 20ಕ್ಕೂ ಜಾಸ್ತಿ ಪದಾರ್ಥ ಬಿಡಿಸಿದರು. ಮಗುವಿನ ತೂಕ ಇಳಿಯಿತು, ಅಲರ್ಜಿ ಹಾಗೇ ಇತ್ತು. ಐಜಿಜಿ ಹೇಳುವುದು ಮಗು ಅದನ್ನು ತಿಂದಿದೆ ಎಂದಷ್ಟೇ.

ಆಮೇಲೆ ಸಿಕ್ಕ ಡಾಕ್ಟರ್ ಓವೊಮ್ಯುಕಾಯ್ಡ್ (ಬಿಸಿಗೂ ಸುಲಭಕ್ಕೆ ಕೆಡದ ಮೊಟ್ಟೆಯ ಪ್ರೋಟೀನ್) ವಿರುದ್ಧದ ಐಜಿಇ ನೋಡಿದರು, ಕಡಿಮೆ ಇತ್ತು. ಆಸ್ಪತ್ರೆಯಲ್ಲೇ ಕೂರಿಸಿ ಮಫಿನ್ ಚಾಲೆಂಜ್ ಮಾಡಿದರು, ಅಂದರೆ ಮೊಟ್ಟೆ ಹಾಕಿ ಬೇಯಿಸಿದ ಮಫಿನ್ ತಿನ್ನಿಸಿ ಕಾದು ನೋಡಿದರು. 180 ಡಿಗ್ರಿ, 30 ನಿಮಿಷ. ಪಾಸಾದಳು! ಮನೆಯ ಏಣಿ, ಅಂದರೆ ಚೆನ್ನಾಗಿ ಬೆಂದ ಮೊಟ್ಟೆಯಿಂದ ಕಡಿಮೆ ಬೆಂದದ್ದರ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು, ಶುರುವಾಗಿದ್ದು ಅಲ್ಲಿಂದ.

ಏಣಿ ನೇರವಾಗಿ ಹತ್ತಲಿಲ್ಲ. ದೊಡ್ಡ ಅಚ್ಚಿನ ಮಫಿನ್ ನಡುವೆ ಹಸಿ ಉಳಿಯಿತು, ತುಟಿ ಸುತ್ತ ದದ್ದು ಬಂತು. ಜ್ವರದ ದಿನ, ವಾರಗಟ್ಟಲೆ ತಿಂದಿದ್ದ ಅಳತೆಗೇ ವಾಂತಿ. ಡಾಕ್ಟರ್ ಒಂದು ಮೆಟ್ಟಿಲು ಕೆಳಗಿಳಿಸಿದರು. ಆಗ ಮನೆಯವರೆಲ್ಲ "ಬಿಟ್ಟುಬಿಡು" ಎಂದರು. ನಾನು ಬಿಡಲಿಲ್ಲ. ಅಂದಿನಿಂದ ಜ್ವರ ಬಂದರೆ ಡಾಕ್ಟರ್‌ಗೆ ಫೋನ್ ಮಾಡದೆ ಕೊಡುವುದಿಲ್ಲ. ತಿಂದ ಮೇಲೆ ಸುಮಾರು 2 ಗಂಟೆ ಓಡಾಟವೂ ಇಲ್ಲ, ಬಿಸಿನೀರ ಸ್ನಾನವೂ ಇಲ್ಲ.

ಡಾಕ್ಟರ್‌ಗೆ ಕೇಳಿಯೇ ಒಮ್ಮೆ ಗೋಧಿ ಬದಲು ಬೇರೆ ಹಿಟ್ಟು ಹಾಕಿ ನೋಡಿದೆ. ಮೊಟ್ಟೆಯ ಅಳತೆ ಅದೇ, ಒಲೆ ಅದೇ, ಆದರೂ ಬಾಯಿ ತುರಿಕೆ. ಗೋಧಿಯ ಪ್ರೋಟೀನ್ ಮೊಟ್ಟೆಯದನ್ನು ಹಿಡಿದಿಡುತ್ತದೆ, ಅದಕ್ಕೇ ಏಣಿಯಲ್ಲಿ ಗೋಧಿ ಇರುವುದು.

ಮಫಿನ್ ಬೇಡ ಎಂದು ಹಟ ಹಿಡಿದ ದಿನ ಏನು ಮಾಡಿದೆ ಅನ್ನುವ ಗುಟ್ಟು ನನ್ನಲ್ಲೇ ಇರಲಿ. ಅಳತೆಗಳನ್ನೂ ಬರೆಯುವುದಿಲ್ಲ. ಅದು ನಿಮ್ಮ ಮಗುವನ್ನು ನೋಡಿದ ಡಾಕ್ಟರ್ ಹಾಕಬೇಕಾದ ಲೆಕ್ಕ.

ಅಲರ್ಜಿ ಜೋರಾದರೆ ತಕ್ಷಣ ಚುಚ್ಚುವ ಅಡ್ರಿನಲಿನ್ ಪೆನ್ ಸದಾ ಎರಡು ಇರುತ್ತವೆ. ಬಳಸದೆಯೇ ಅವಧಿ ಮುಗಿದು ಎಸೆದಿದ್ದೇವೆ, ಆ ಖರ್ಚಿಗೆ ಬೇಸರವಿಲ್ಲ.

ಚಿಕ್ಕ ಮಗನಿಗೆ ಜೋರು ಎಕ್ಸಿಮಾ (ಚರ್ಮ ಒಣಗಿ ತುರಿಸುವ ತೊಂದರೆ). 2015ರ ಲೀಪ್ ಎಂಬ ಅಧ್ಯಯನದಲ್ಲಿ ಜೋರು ಎಕ್ಸಿಮಾ, ಮೊಟ್ಟೆ ಅಲರ್ಜಿ ಅಥವಾ ಎರಡೂ ಇದ್ದ 640 ಶಿಶುಗಳಿದ್ದರು, ಬೇಗ ಕಡಲೆಕಾಯಿ ಶುರು ಮಾಡಿದವರಲ್ಲಿ ಆ ಅಲರ್ಜಿ ಸುಮಾರು 80% ಕಡಿಮೆಯಾಗಿತ್ತು. ಟೆಸ್ಟ್ ಮಾಡಿಸಿ, ಆರು ತಿಂಗಳ ಹೊತ್ತಿಗೆ ಅವನಿಗೂ ತೆಳುವಾದ ಕಡಲೆಕಾಯಿ ಪೇಸ್ಟ್ ಶುರು ಮಾಡಿದೆವು. ಅವನು ಚಪ್ಪರಿಸಿ ತಿನ್ನುತ್ತಾನೆ.

ಮಗಳಿಗೆ ಮುಂದಿನದು ಬರೀ ಬೇಯಿಸಿದ ಮೊಟ್ಟೆ. ಅದನ್ನು ಮಾತ್ರ ಆಸ್ಪತ್ರೆಯಲ್ಲೇ ತಿನ್ನಿಸುತ್ತೇವೆ.