ಹೊಸ ಧಾರಾವಾಹಿ ಹುಡುಕೋಕೆ ಮೊದಲು ಹಳೇದನ್ನ ನೋಡಿ

ಏನು ನೋಡೋದು ಅಂತ ರಿಮೋಟ್ ಹಿಡಿದು ಅರ್ಧ ಗಂಟೆ ಕಳೆಯುವವರಿಗೆ ಒಂದು ಸಲಹೆ. ಮೊದಲು ನಿಮಗೆ ತುಂಬಾ ಇಷ್ಟವಾಗಿದ್ದ ಹಳೆಯದನ್ನೇ ಮತ್ತೆ ನೋಡಿ. ಅದರಲ್ಲಿ ಮನಸ್ಸಿಗೆ ಹಿಡಿಸಿದ್ದು ಏನು ಅಂತ ಗಮನಿಸಿ. ಹುಡುಕಾಟ ಅಲ್ಲಿಂದ ಶುರುವಾಗಲಿ.

ನಾನು ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಮತ್ತೆ ನೋಡಿದೆ. ಚಿಕ್ಕವಳಿದ್ದಾಗ ಸ್ವಾಮಿಯ ತುಂಟಾಟ ಮಾತ್ರ ಕಂಡಿತ್ತು. ಈಗ ಗಿರೀಶ್ ಕಾರ್ನಾಡರು ಮಾಡಿದ ಅಪ್ಪನ ಪಾತ್ರದ ಮೇಲೇ ಕಣ್ಣು. ನನಗೂ ಮಗ ಇದ್ದಾನೆ, ಅದಕ್ಕೇ ಇರಬೇಕು. ಆಗುಂಬೆಯ ಆ ಬೀದಿ, ಎಲ್. ವೈದ್ಯನಾಥನ್ ಅವರ ಆ ರಾಗ! ಒಂದೇ ಊರಿನ ಜನರ ಪುಟ್ಟ ಪುಟ್ಟ ಕಥೆಗಳು ನನಗಿಷ್ಟ ಅಂತ ಆಗಲೇ ಗೊತ್ತಾಗಿದ್ದು. ಹಾಗೆ ಹುಡುಕಿದಾಗ ಸಿಕ್ಕಿದ್ದು 2024ರ ‘ಏಕಂ’. ಕರಾವಳಿಯ ಏಳು ಬಿಡಿ ಕಥೆಗಳು. ಒಂದು ಹಿಡಿಸದಿದ್ದರೆ ಸೀದಾ ಮುಂದಿನದಕ್ಕೆ ಹೋಗಬಹುದು.

ಟಿ.ಎನ್. ಸೀತಾರಾಂ ಅವರ ‘ಮುಕ್ತ’ವನ್ನು ಕೋರ್ಟಿನ ವಾದಕ್ಕಾಗಿಯೇ ನೋಡುತ್ತಿದ್ದಿರಾ? ಹೊಸದರಲ್ಲೂ ಅದನ್ನೇ ಹುಡುಕಿ.

ಮುಂದುವರಿಯುವ ಕಥೆಯಾದರೆ ಎರಡು ಕಂತು ನೋಡುವ ತನಕ ಬಿಡಬೇಡಿ. ಮತ್ತೆ, ರಾತ್ರಿಗೆ ಒಂದೇ ಕಂತು ಸಾಕು. ಊಟ ಆದಮೇಲೆ, ಮನೆಯವರೆಲ್ಲ ಒಟ್ಟಿಗೆ ಕೂತು.