ದೀಪ ಉರಿಯುತ್ತೆ, ಎಂಜಿನ್ ಓಡಲ್ಲ: ಡಿಕೋಡರ್ ರಿಪೇರಿಗೆ ಕಳಿಸಿದ ಅನುಭವ

ನನ್ನ ಎಚ್‌ಓ ಅಳತೆಯ ಮಾದರಿ ರೈಲು ಎಂಜಿನ್ ಹಳಿ ಮೇಲೆ ಸುಮ್ನೆ ನಿಂತುಬಿಟ್ಟಿತು. ಅದರೊಳಗೆ ಡಿಕೋಡರ್ ಇದೆ, ಅಂದರೆ ಹಳಿಯಿಂದ ಬರುವ ಸಿಗ್ನಲ್ ಓದಿ ಮೋಟಾರು, ದೀಪ ನಡೆಸುವ ಪುಟ್ಟ ಸರ್ಕ್ಯೂಟ್. ಬಟನ್ ಒತ್ತಿದರೆ ದೀಪ ಹತ್ತಿ ಆರುತ್ತಿತ್ತು. ಅಂದರೆ ಕರೆಂಟೂ ಸಿಗ್ನಲ್ಲೂ ಬರುತ್ತಿವೆ ಅಂತಾಯ್ತು, ಅಲ್ವಾ? ಹಾಗಾಗಿ ಹಳಿ ಒರೆಸಲು ಹೋಗಲಿಲ್ಲ.

ಎಂಜಿನ್ನನ್ನು ಪ್ರೋಗ್ರಾಮಿಂಗ್ ಹಳಿಯಲ್ಲಿಟ್ಟು (ಡಿಕೋಡರ್ ಸೆಟ್ಟಿಂಗ್ ಬದಲಿಸಲು ಬಳಸುವ ಹಳಿ) ಸಿವಿ 8ಕ್ಕೆ, ಅಂದರೆ ಡಿಕೋಡರ್‌ನ 8ನೇ ಸೆಟ್ಟಿಂಗ್‌ಗೆ, 8 ಬರೆದೆ. ಬಹಳಷ್ಟು ಡಿಕೋಡರ್‌ಗಳು ಇದರಿಂದ ರೀಸೆಟ್ ಆಗಿ ವಿಳಾಸ (ಎಂಜಿನ್ ಅನ್ನು ಕರೆಯುವ ಸಂಖ್ಯೆ) 3ಕ್ಕೆ ಮರಳುತ್ತವೆ. ಇದೂ ಮರಳಿತು. ಆದರೆ 'ಬರೆದಾಯ್ತು' ಎಂಬ ಉತ್ತರ ಮಾತ್ರ ಬರಲಿಲ್ಲ. ಸಾಮಾನ್ಯವಾಗಿ ಡಿಕೋಡರ್ ಆ ಉತ್ತರ ಕೊಡುವುದೇ ಮೋಟಾರಿಗೆ ಕ್ಷಣಕಾಲ ಕರೆಂಟ್ ಹರಿಸಿ. ಮೋಟಾರಿಗೆ ಕರೆಂಟ್ ಹೋಗುತ್ತಿಲ್ಲ ಎಂಬ ನನ್ನ ಅನುಮಾನ ಗಟ್ಟಿಯಾದದ್ದು ಇಲ್ಲೇ.

ಡಿಕೋಡರ್ ತೆಗೆದು, ಮೋಟಾರಿಗೆ ನೇರವಾಗಿ ಡಿಸಿ ಕೊಟ್ಟೆ. ಚೆನ್ನಾಗಿ ತಿರುಗಿತು. ಆಮೇಲೆ ಮಲ್ಟಿಮೀಟರ್ ಹಿಡಿದು ಮೋಟಾರ್ ತುದಿಗಳಿಗೂ ಚಕ್ರಗಳಿಗೂ ಸಂಪರ್ಕ ಇದೆಯಾ ಅಂತ ನೋಡಿದೆ. ಇರಲಿಲ್ಲ. ದಯವಿಟ್ಟು ಈ ಪರೀಕ್ಷೆ ಬಿಡಬೇಡಿ. ಡಿಕೋಡರ್ ತೆಗೆದ ಮೇಲೂ ಅಲ್ಲಿ ಸಂಪರ್ಕ ಇದ್ದರೆ ಹೊಸ ಡಿಕೋಡರ್ ಕೂಡ ಸುಟ್ಟುಹೋಗುತ್ತೆ.

ಎಂಜಿನ್ ಕಳಿಸಲಿಲ್ಲ, ಡಿಕೋಡರ್ ಮಾತ್ರ ಆಂಟಿಸ್ಟ್ಯಾಟಿಕ್ ಕವರ್‌ನಲ್ಲಿ ಹಾಕಿ ಕಳಿಸಿದೆ. ಜೊತೆಗೆ ಬಿಲ್ ಪ್ರತಿ, ಮಾಡಿದ ಪರೀಕ್ಷೆಗಳ ಚೀಟಿ. 'ಕೆಟ್ಟಿದೆ' ಅಂತಷ್ಟೇ ಬರೆದರೆ ರಿಪೇರಿ ಮಾಡುವವರು ಎಲ್ಲಿಂದ ಹುಡುಕಬೇಕು ಹೇಳಿ? ಬದಲಿ ಡಿಕೋಡರ್ ಬಂತು. ಎಂಜಿನ್ ಈಗ ಓಡುತ್ತಿದೆ.